ಸೊನ್ನೆಯೊಳಗಿನ ಒಂದು

"ಆರಿಸೋ ಗುಂಡಿ ಯಾವ ಬೆರಳಲ್ಲಿ ಒತ್ತಿದ್ರಿ, ಪಾ?"

ಸರ್ವರ್ ಕೋಣೆ ನೋಡಿಕೊಳ್ಳುವ ಪುರ್ವೊತೊ ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಕೈಯನ್ನು ತಮಗೆ ಅಂಟಿಸಿಬಿಟ್ಟಿದ್ದಾರೇನೋ ಎಂಬಂತೆ. ಆಮೇಲೆ ತೋರುಬೆರಳು ಎತ್ತಿದರು.

"ಇದ್ರಲ್ಲಿ, ಬು." ಆ ಊರಿನಲ್ಲಿ ಮರ್ಯಾದೆಗೆ ಗಂಡಸರನ್ನು ಪಾ, ಹೆಂಗಸರನ್ನು ಬು ಎಂದು ಕರೆಯುತ್ತಾರೆ.

"ಒತ್ತಿ ತೋರಿಸಿ."

"ಬೇಡ ಬು."

"ಯಂತ್ರಕ್ಕೆ ಕರೆಂಟೇ ಇಲ್ಲ ಪಾ. ಏನೂ ಆಗಲ್ಲ."

"ಗೊತ್ತು. ಆದ್ರೂ ಬೇಡ."

ನಸ್ತಿತಿ ಒತ್ತಾಯ ಮಾಡಲಿಲ್ಲ. ಬಂದರಿನ ಅಪಘಾತ ತನಿಖಾ ಕಚೇರಿಗೆ ಸೇರಿದ ನಾಲ್ಕು ವರ್ಷಗಳಲ್ಲಿ ಅವಳು ಬೇಕಾದಷ್ಟು ಮುಖಗಳನ್ನು ನೋಡಿದ್ದಳು. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಅನ್ನುತ್ತಾರೆ. ತಪ್ಪು ಮಾಡಿದೆನೆಂದು ಒಳಗೊಳಗೇ ಬೇಯುವವರೂ ಕಣ್ಣು ತಪ್ಪಿಸುತ್ತಾರೆ. ಈ ಐದಾರು ದಿನಗಳಿಂದ ಅವಳೇ ಕನ್ನಡಿಯ ಮುಂದೆ ಹಾಗೆ ಮಾಡುತ್ತಿದ್ದಳು.

ಕಳೆದ ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಈ ಕೋಣೆಯ ಸರ್ವರನ್ನು ಆರಿಸಿದ್ದರು. ಅದೇ ಮಧ್ಯಾಹ್ನ ಸುರಬಾಯಾದ ಪೆರಾಕ್ ಬಂದರು ಬಿಟ್ಟ 'ಕೆನಾರಿ' ಹಡಗು ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲಿ, ಮುರ್ಸಿದ್ ಎಂಬ ಖಲಾಸಿ ಎರಡು ಲಾರಿಗಳ ನಡುವೆ ಸಿಕ್ಕಿ ಸತ್ತಿದ್ದ.

ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಏನು ಎಂದು ಪತ್ರಿಕೆಯವರು ಕೇಳಿದ್ದರು. ಸಂಬಂಧ ಬಹಳ ಸರಳವಾಗಿತ್ತು. ವಾರಿಂಗಿನ್ ಲೌತ್ ಕಂಪನಿಯ ಹತ್ತೊಂಬತ್ತು ಹಡಗುಗಳಲ್ಲೂ ಒಂದೊಂದು ಕಂಪ್ಯೂಟರ್ ಇದೆ. ಯಾವ ಲಾರಿ ಎಷ್ಟು ಭಾರ, ಎಡಕ್ಕೆ ನಿಲ್ಲಿಸಬೇಕೋ ಬಲಕ್ಕೋ ಎಂದು ಹೇಳುವುದು ಅದೇ. ಆ ಕಂಪ್ಯೂಟರುಗಳಿಗೆ ಹೊಸ ತಂತ್ರಾಂಶ ಕಳಿಸುತ್ತಿದ್ದದ್ದು ದಡದ ಮೇಲಿನ ಈ ಸರ್ವರ್. ಹೊಸ ಕಟ್ಟಡಕ್ಕೆ ಸಾಗಿಸಲೆಂದು ಇದನ್ನು ಆರಿಸುವಾಗ ಕೆನಾರಿ ಇನ್ನೂ ವಾಹನಗಳ ಭಾರದ ಹೊಸ ಪಟ್ಟಿಯನ್ನು ಇಳಿಸಿಕೊಳ್ಳುತ್ತಿತ್ತು. ಪಟ್ಟಿ ನಡುವೆಯೇ ತುಂಡಾಯಿತು. ಬಂದ ಭಾಗದಲ್ಲಿ ಬೈಕು, ಕಾರು, ಸಣ್ಣ ಲಾರಿ. ಬಾರದ ಭಾಗದಲ್ಲಿ ಹತ್ತು ಚಕ್ರದ ದೊಡ್ಡ ಲಾರಿಗಳು. ಪಟ್ಟಿಯಲ್ಲಿ ಇಲ್ಲದ ಭಾರವನ್ನು ಕೆನಾರಿಯ ಕಂಪ್ಯೂಟರ್ ಭಾರವೇ ಅಲ್ಲ ಎಂದುಕೊಂಡಿತು. ಸಿಮೆಂಟ್ ತುಂಬಿದ ಏಳು ಲಾರಿಗಳನ್ನು ಒಂದೇ ಮಗ್ಗುಲಿಗೆ ನಿಲ್ಲಿಸಲು ಹಸಿರು ದೀಪ ತೋರಿಸಿತು.

"ಮತ್ತೊಂದ್ಸಲ ಹೇಳಿ ಪಾ. ಹೇಗೆ ಆರಿಸ್ತೀರಿ?"

"ಎಷ್ಟು ಸಲ ಹೇಳ್ಲಿ ಬು." ಪುರ್ವೊತೊ ಅಂಗಿಯ ಕತ್ತಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡರು. ಐವತ್ತೇಳು ವಯಸ್ಸಿನ, ಸಣಕಲು ಮೈಯ ಮನುಷ್ಯ. ಸುರಬಾಯಾದ ಸೆಕೆಯಲ್ಲೂ ಬಾಟಿಕ್ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕುವವರು. "ಊಟದ ಅಂಗಡಿ ಮುಚ್ಚೋ ಹಾಗೇನೇ. ಮೊದಲು ಮುಂಬಾಗಿಲು ಹಾಕ್ಬೇಕು. ಹೊಸಬರು ಒಳಗೆ ಬರಬಾರದು. ಆದ್ರೆ ಒಳಗೆ ಕೂತು ಉಣ್ತಿರೋರನ್ನ ಎಬ್ಬಿಸಬಾರದು. ಅವರು ಮುಗಿಸಿ, ಕೈ ತೊಳ್ಕೊಂಡು ಹೋಗೋವರೆಗೂ ಕಾಯ್ಬೇಕು. ಕೊನೆಯವರು ಎದ್ದ ಮೇಲೆ ಒಲೆ ಆರಿಸೋದು."

"ಒಳಗೆ ಎಷ್ಟು ಹಡಗು ಇವೆ ಅಂತ ಹೇಗೆ ಗೊತ್ತಾಗುತ್ತೆ?"

"ಪರದೆ ಮೇಲೆ ಬರುತ್ತಲ್ಲ. ಮೂರು, ಎರಡು, ಒಂದು. ಸೊನ್ನೆ ಬಂದ ಮೇಲೆ ಆರಿಸೋದು."

"ಯಾರಾದ್ರೂ ಏಳದೇ ಕೂತ್ರೆ?"

"ಹತ್ತು ನಿಮಿಷ ಕಾಯುತ್ತೆ. ಆಮೇಲೆ ಅದೇ ಕತ್ತು ಹಿಡಿದು ಆಚೆ ತಳ್ಳುತ್ತೆ. ಅಷ್ಟರೊಳಗೆ ನಾವು ತಡೆ ಗುಂಡಿ ಒತ್ತಿದ್ರೆ ಸುಮ್ಮನಿರುತ್ತೆ."

ಹತ್ತು ನಿಮಿಷ. ಆ ಮಾತು ಬಂದಾಗಲೆಲ್ಲ ನಸ್ತಿತಿ ತನ್ನ ಟಿಪ್ಪಣಿಗಳ ಕಡೆ ಕಣ್ಣು ತಿರುಗಿಸುತ್ತಿದ್ದಳು.

ಬುಧವಾರ ಬೆಳಿಗ್ಗೆ ಅವಳು ಈ ಸರ್ವರಿನ ಆರಿಸುವ ಆದೇಶಗಳನ್ನು ಓದಲು ಕೂತಾಗ, ನಲವತ್ತನೇ ಸಾಲಿನ ಹತ್ತಿರ ಯಾರೋ ಬರೆದಿಟ್ಟಿದ್ದ ಟಿಪ್ಪಣಿ ಸಿಕ್ಕಿತ್ತು: *ಸದ್ಯಕ್ಕೆ ಹತ್ತು ನಿಮಿಷ. ಹಡಗುಗಳಿಗೆ ಸಾಕೋ ಇಲ್ಲವೋ ಆಮೇಲೆ ನೋಡೋಣ.* ಬರೆದವರ ಹೆಸರು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಏಳು ವರ್ಷದ ಹಿಂದೆ, ಒಂದು ಸಣ್ಣ ತಂತ್ರಾಂಶ ಕಂಪನಿಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದಾಗ, ಒಂದು ಶುಕ್ರವಾರ ಮಧ್ಯಾಹ್ನ ಅದನ್ನು ಬರೆದವಳು ಅವಳೇ. ಸಮುದ್ರದ ಮೇಲೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಹತ್ತು ನಿಮಿಷ ಸಾಲುತ್ತದಾ ಎಂದು ಪಕ್ಕದ ಮೇಜಿನವಳು ಕೇಳಿದ್ದಳು. ಪಟ್ಟಿ ಪೂರ್ತಿ ಬಂದಿದೆಯೇ ಎಂದು ಹಡಗಿನ ಕಡೆ ಒಂದು ಪರೀಕ್ಷೆ ಇಡಬೇಕಲ್ಲವಾ ಎಂದೂ ಕೇಳಿದ್ದಳು. ನಸ್ತಿತಿಗೆ ಮಲಾಂಗಿಗೆ ಹೋಗುವ ರೈಲು ಹಿಡಿಯಬೇಕಿತ್ತು.

ಜಾವಾ ಮಾತಿನಲ್ಲಿ ನಸ್ತಿತಿ ಅಂದರೆ ಎಚ್ಚರಿಕೆಯವಳು ಎಂದು ಅರ್ಥ. ಅಪ್ಪ ಇಟ್ಟ ಹೆಸರು.

ತನಿಖೆಯಿಂದ ತಾನು ಹಿಂದೆ ಸರಿಯಬೇಕು ಎಂದು ಬುಧವಾರವೇ ಅವಳಿಗೆ ಗೊತ್ತಾಗಿತ್ತು. ಗುರುವಾರ ಹೇಳೋಣ ಅಂದುಕೊಂಡಳು. ಶುಕ್ರವಾರ ಹೇಳೋಣ ಅಂದುಕೊಂಡಳು. ಇವತ್ತು ಸೋಮವಾರ.

ಮೇಜಿನ ಮೇಲೆ ಎರಡು ಸಾಕ್ಷಿಗಳಿದ್ದವು. ಒಂದು ಯಂತ್ರ ತಾನೇ ಬರೆದುಕೊಂಡ ದಾಖಲೆ. ಹತ್ತು ಗಂಟೆ ಎರಡು ನಿಮಿಷಕ್ಕೆ ಬಾಗಿಲು ಬಂದ್, ಒಳಗೆ ಮೂರು ಹಡಗು. ಹತ್ತು ನಾಲ್ಕಕ್ಕೆ ಎರಡು. ಹತ್ತು ಆರಕ್ಕೆ ಒಂದು: ಕೆನಾರಿ. ಹತ್ತು ಹನ್ನೆರಡಕ್ಕೆ ಕೆನಾರಿಯನ್ನು ಕತ್ತರಿಸಲಾಯಿತು.

ಇನ್ನೊಂದು ಪುರ್ವೊತೊ ಕೈಯಲ್ಲೇ ಬರೆದ ಹಾಜರಿ ಪುಸ್ತಕದಂಥ ದಪ್ಪ ಪುಸ್ತಕ. ಅದರಲ್ಲಿ ಮುತ್ತಿನಂಥ ಅಕ್ಷರ: *10.11. ಒಳಗಿರುವವರು 0. ಆರಿಸಬಹುದು.*

"ಯಂತ್ರ ಒಂದು ಅನ್ನುತ್ತೆ. ನೀವು ಸೊನ್ನೆ ಅಂತೀರಿ."

"ನಾನು ನೋಡಿದ್ದು ಸೊನ್ನೆ ಬು."

"ಖಂಡಿತ?"

"ಖಂಡಿತ."

ಬಾಗಿಲು ತಟ್ಟದೆಯೇ ತೆರೆದುಕೊಂಡಿತು.

ಹಡಗುಗಳ ಓಡಾಟವನ್ನೆಲ್ಲ ನೋಡಿಕೊಳ್ಳುವ ವಿರ್ಯಾವಾನ್ ಕೈಯಲ್ಲಿ ತಂಪು ಚಹಾದ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಿಂತಿದ್ದ. ಚೀಲದೊಳಗಿನ ಕೊಳವೆಯಿಂದ ಒಂದು ಗುಟುಕು ಹೀರಿ, ಪುರ್ವೊತೊ ಅಲ್ಲಿ ಇಲ್ಲವೇನೋ ಎಂಬಂತೆ ನಸ್ತಿತಿಯ ಜೊತೆ ಮಾತಾಡಿದ.

"ಬು, ಇನ್ನೂ ಎಷ್ಟು ದಿನ ಈ ಕೋಣೆಗೆ ಬೀಗ? ನನ್ನ ಹದಿನೆಂಟು ಹಡಗು ಕಾಗದ ಪೆನ್ಸಿಲ್ ಇಟ್ಕೊಂಡು ಲಾರಿ ಹತ್ತಿಸ್ತಿವೆ."

"ಕಾಗದ ಪೆನ್ಸಿಲ್‌ನಲ್ಲಿ ಯಾರೂ ಸತ್ತಿಲ್ಲ, ಪಾ ವಿರ್ಯಾವಾನ್."

"ಮಾತು ಚೆನ್ನಾಗಿ ಆಡ್ತೀರಿ." ಅವನು ನಕ್ಕ. "ಇದರಲ್ಲಿ ತನಿಖೆ ಮಾಡೋಕೆ ಏನಿದೆ? ಯಂತ್ರ ಒಂದು ಅಂತ ತೋರಿಸ್ತು. ಈ ಯಜಮಾನರು ಕಾಫಿ ಕುಡಿಯೋಕೆ ಹೋಗಿರ್ತಾರೆ. ವಾಪಸ್ ಬಂದು ಪುಸ್ತಕದಲ್ಲಿ ಸೊನ್ನೆ ಬರೆದಿದಾರೆ. ಮುಗೀತು."

ಪುರ್ವೊತೊ ತಲೆ ಎತ್ತಲಿಲ್ಲ.

"ಕೆಲಸದ ದಿನ ಯಾಕೆ ಆರಿಸಿದ್ರಿ?" ನಸ್ತಿತಿ ಕೇಳಿದಳು. "ಇಂಥದ್ದು ಭಾನುವಾರ ಮಾಡೋದು. ಹಡಗುಗಳ ಕಂಪ್ಯೂಟರ್ ಎಲ್ಲ ಸುಮ್ಮನಿರುತ್ತೆ."

"ಭಾನುವಾರ ಅಂತಾನೇ ಇತ್ತು. ಮಂಗಳವಾರಕ್ಕೆ ಹಾಕ್ಸಿದ್ದು ಇವರೇ. ಮೊಮ್ಮಗನ ಸುನ್ನತಿ ಅಂತೆ, ಬರೋಕಾಗಲ್ವಂತೆ. ಕೇಳಿ."

ನಸ್ತಿತಿ ತಿರುಗಿ ನೋಡಿದಳು. ದಿನ ಬದಲಾಯಿಸಿದ್ದು ಮೇಲಿನವರು ಎಂದು ಪುರ್ವೊತೊ ಗುರುವಾರ ಹೇಳಿದ್ದು ಅವಳ ನೆನಪಿನಲ್ಲಿತ್ತು. ಈಗ ಅವರು ನೆಲ ನೋಡುತ್ತಿದ್ದರು, ಕಿವಿಯ ತುದಿ ಕೆಂಪಾಗಿತ್ತು.

"ನಮ್ಮಲ್ಲಿ ಮೂವತ್ತು ವರ್ಷ ಸೇವೆ ಅಂತ ಸುಮ್ಮನಿದೀನಿ," ಎಂದ ವಿರ್ಯಾವಾನ್. "ಇಲ್ದಿದ್ರೆ ಬುಧವಾರವೇ ಮನೆಗೆ ಕಳಿಸ್ತಿದ್ದೆ. ಬೇಗ ಬರೆದು ಮುಗಿಸಿ ಬು. ತಪ್ಪು ಯಾರದ್ದು ಅಂತ ಎಲ್ರಿಗೂ ಗೊತ್ತಿದೆ."

ಅವನು ಹೋದ ಮೇಲೂ ಚಹಾದ ಸಿಹಿ ವಾಸನೆ ಕೋಣೆಯಲ್ಲಿ ನಿಂತಿತ್ತು. ಎಲ್ಲರಿಗೂ ಗೊತ್ತಿದೆ ಅನ್ನುವ ಮಾತು ತನಗೇ ಹೇಳಿದಂತೆ ನಸ್ತಿತಿಗೆ ಚುಚ್ಚಿತು. ಈ ಮನುಷ್ಯನಿಗೆ ಅಷ್ಟೊಂದು ಅವಸರ ಯಾಕೆ? ಆ ಪ್ರಶ್ನೆಯನ್ನು ಅವಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಸುನ್ನತಿಯ ವಿಷಯವನ್ನು ಬರೆದುಕೊಳ್ಳಲಿಲ್ಲ. ಅವನ ಬಾಯಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಬರೆದುಕೊಳ್ಳಲಿಲ್ಲ.

ಪುರ್ವೊತೊ ಬರೆದ ಪುಸ್ತಕವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ಕೆಳಗೆ ಬಂದರಿನ ಗೇಟಿನ ಮುಂದೆ ಲಾರಿಗಳ ಸಾಲು, ಚಾಲಕರು ನೆರಳಲ್ಲಿ ಕೂತು ಬಾಳೆಎಲೆಯಲ್ಲಿ ಬೇಯಿಸಿದ ಲೊಂತೊಂಗ್ ಅನ್ನ ತಿನ್ನುತ್ತಿದ್ದರು. ಹಾಳೆಯನ್ನು ಓರೆಯಾಗಿ ಬಿಸಿಲಿಗೆ ಹಿಡಿದಳು. ಬಾಲ್‌ಪೆನ್ನಿನ ಒತ್ತು ಹಾಳೆಯಲ್ಲಿ ಸಣ್ಣ ಕಾಲುವೆಯಂತೆ ಇಳಿದಿತ್ತು. ಆ ದುಂಡನೆಯ ಗುರುತಿನ ನಡುವೆ, ಶಾಯಿ ಕೆರೆದು ತೆಗೆದ ಜಾಗದಲ್ಲಿ, ಮೇಲಿಂದ ಕೆಳಕ್ಕೆ, ಇನ್ನೊಂದು ಕಾಲುವೆ. ನೆಟ್ಟಗೆ.

ಹಾಳೆಯನ್ನು ಮಗುಚಿ ಹಿಂಬದಿಯನ್ನು ಬೆರಳಿನಿಂದ ಸವರಿದಳು. ಅನುಮಾನವೇ ಇಲ್ಲ.

"ಪಾ," ಎಂದಳು. "ಈ ಸೊನ್ನೆ ಒಳಗೆ ಒಂದು ಇದೆ."

ಪುರ್ವೊತೊ ಎದ್ದು ಬರಲಿಲ್ಲ. ಬರುವ ಅಗತ್ಯವಿಲ್ಲ ಎಂಬಂತೆ ಕೂತಿದ್ದರು. ಸರ್ವರ್ ನಿಂತ ಮೇಲೆ ಕೋಣೆಯಲ್ಲಿ ಬೀಸಣಿಗೆಗಳ ಗುಂಯ್ ಸದ್ದೂ ಇರಲಿಲ್ಲ. ಅವರ ಉಸಿರು ಕೇಳಿಸುತ್ತಿತ್ತು.

"ಯಾವಾಗ ತಿದ್ದಿದ್ರಿ?"

"ಮಂಗಳವಾರ ಸಂಜೆ. ಸುದ್ದಿ ಬಂದ ಮೇಲೆ."

"ಅಂದ್ರೆ ಕೆನಾರಿ ಒಳಗಿದೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ತಡೆ ಗುಂಡಿ ಒತ್ತಲಿಲ್ಲ."

"ಫೋನ್ ಮಾಡ್ದೆ ಬು."

"ಯಾರಿಗೆ?"

ಪುರ್ವೊತೊ ಕತ್ತಿನ ಗುಂಡಿಯನ್ನು ಮತ್ತೆ ಮುಟ್ಟಿ ನೋಡಿಕೊಂಡರು.

"ಪಾ, ಯಾರಿಗೆ?"

"ಅದೊಂದು ಕೇಳ್ಬೇಡಿ. ಉಳಿದದ್ದೆಲ್ಲ ನನ್ನ ಮೇಲೆ ಹಾಕಿ ಬರ್ಕೊಳ್ಳಿ. ಕಾಫಿ ಕುಡಿಯೋಕೆ ಹೋಗಿದ್ದೆ ಅಂತಾನೇ ಬರ್ಕೊಳ್ಳಿ."

"ಕೆನಾರಿಯಲ್ಲಿದ್ದ ಮುರ್ಸಿದ್‌ಗಾ?"

ಪುರ್ವೊತೊ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡರು. ಮಾತು ಬೆರಳ ಸಂದಿಯಿಂದ ಬಂತು.

"ಆ ಕಂಪ್ಯೂಟರ್ ಇರೋದು ಕೆಳಗೆ, ಲಾರಿ ನಿಲ್ಲಿಸೋ ಅಂತಸ್ತಲ್ಲಿ. ಅದರ ಪಕ್ಕ ಯಾವಾಗ್ಲೂ ಇರೋನು ಅವನೊಬ್ನೇ. ಮೊಬೈಲ್‌ಗೆ ಹಚ್ಚಿದೆ. ಹತ್ತು ಒಂಬತ್ತು ಇರ್ಬಹುದು. 'ಮುರ್ಸಿದ್, ನಿಮ್ಮದು ಮುಗೀತೇನಪ್ಪ' ಅಂದೆ. 'ಮುಗೀತು ಪಾ, ನೀವು ಆರಿಸ್ಕೊಳ್ಳಿ' ಅಂದ. ಪರದೆ ತಪ್ಪು ತೋರಿಸ್ತಿದೆ ಅಂದ್ಕೊಂಡೆ. ಸುಮ್ಮನೆ ಕೂತೆ. ಹತ್ತು ನಿಮಿಷ ಆಯ್ತು, ಅದೇ ಕತ್ತರಿಸ್ತು."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಸತ್ತೋನೇ ತನ್ನ ಸಾವಿಗೆ ಹೂಂ ಅಂದ ಅಂತ ಅವನ ಹೆಂಡತಿಗೆ ಹೇಳ್ಲಾ? ನಾಳೆ ಮಗು ದೊಡ್ಡದಾಗಿ, ಅಪ್ಪ ಹೇಗೆ ಸತ್ತ ಅಂತ ಕೇಳಿದ್ರೆ ಅವಳು ಏನು ಹೇಳ್ಬೇಕು?" ಅವರು ಮುಖ ಒರೆಸಿಕೊಂಡರು. "ನನಗೆ ವಯಸ್ಸಾಯ್ತು ಬು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಒಬ್ಬ ಮುದುಕ ಕೆಲಸ ಕೆಡಿಸ್ದ ಅಂದ್ರೆ ಯಾರಿಗೆ ಏನು ನಷ್ಟ? ಭಾನುವಾರದ ಕೆಲಸ ಮಂಗಳವಾರಕ್ಕೆ ಹಾಕ್ಸಿದ್ದೂ ನಾನೇ. ಅದನ್ನೂ ಮುಚ್ಚಿಟ್ಟೆ. ಎಲ್ಲಾ ಪಾಪ ನಂದೇ ಇರ್ಲಿ."

ನಸ್ತಿತಿ ಪುಸ್ತಕ ಮುಚ್ಚಿದಳು. ಈ ಮನುಷ್ಯ ಸತ್ತವನೊಬ್ಬನ ಹೆಸರು ಉಳಿಸಲು ತನ್ನ ಮೇಲೆ ತಾನೇ ಕೆಸರು ಎರಚಿಕೊಳ್ಳುತ್ತಿದ್ದಾನೆ. ತಾನು? ತನ್ನ ಹೆಸರು ಉಳಿಸಿಕೊಳ್ಳಲು ಐದು ದಿನಗಳಿಂದ ಈ ಮುದುಕನ ಮೇಲೆ ಎರಚುವವರನ್ನು ನೋಡುತ್ತ ಕೂತಿದ್ದಾಳೆ.

ಅವಳು ಅವರ ಎದುರಿಗೆ, ಸಾಮಾನು ತುಂಬುವ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು.

"ಎಲ್ಲಾ ನಿಮ್ಮದಲ್ಲ ಪಾ."

"ಅಂದ್ರೆ?"

"ಆ ಹತ್ತು ನಿಮಿಷ. ಅದನ್ನ ಬರೆದೋಳು ನಾನು."

ಪುರ್ವೊತೊಗೆ ಅರ್ಥವಾಗಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಗುತ್ತಿಗೆ ಕೆಲಸ, ಶುಕ್ರವಾರ, ರೈಲು, ಪಕ್ಕದ ಮೇಜಿನವಳ ಎರಡು ಪ್ರಶ್ನೆ. ಒಬ್ಬರಾದರೂ ಉಳಿದಿದ್ದರೆ ಕತ್ತರಿಸಬೇಡ, ಮನುಷ್ಯರನ್ನು ಕೇಳು ಎಂದು ಬರೆಯಲು ಎರಡು ಸಾಲು ಸಾಕಾಗಿತ್ತು ಎಂದೂ ಹೇಳಿದಳು. ಹೇಳುತ್ತ ಹೋದಂತೆ ಅವಳ ಧ್ವನಿ ಚಿಕ್ಕದಾಯಿತು.

ಪುರ್ವೊತೊ ಆರಿದ ಯಂತ್ರದ ಕಡೆ ನೋಡಿದರು.

"ಏಳು ವರ್ಷ ಆ ಯಂತ್ರದ ಮುಂದೆ ಕೂತಿದೀನಿ," ಎಂದರು. "ಬರೆದೋರು ಯಾರೋ ದೊಡ್ಡ ಓದು ಓದಿದೋರು, ಯೋಚನೆ ಮಾಡೇ ಬರೆದಿರ್ತಾರೆ ಅಂದ್ಕೊಂಡಿದ್ದೆ."

ವಿರ್ಯಾವಾನನ ಯಾವ ಮಾತೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಅವಳು ತಲೆ ತಗ್ಗಿಸಿದಳು.

"ಕಚೇರಿಲಿ ಹೇಳಿದೀರಾ?"

"ಇಲ್ಲ."

"ಯಾರಿಗೂ?"

"ನಿಮಗೇ ಮೊದಲು."

ಅವರು ನಿಧಾನವಾಗಿ ತಲೆಯಾಡಿಸಿದರು. "ಹೇಳಿದ ಮೇಲೆ ಹಗುರ ಆಯ್ತಾ ಬು?"

"ಸ್ವಲ್ಪ."

"ನನಗೂ," ಎಂದರು ಪುರ್ವೊತೊ. ಎದ್ದು, ಅಂಗಿ ನೇರ ಮಾಡಿಕೊಂಡು, ಊಟದ ಹೊತ್ತಾಯಿತೆಂದು ಹೇಳಿ ಹೋದರು.

ಮುರ್ಸಿದ್‌ನ ಮನೆ ಬಂದರಿನ ಹಿಂದಿನ ಓಣಿಯಲ್ಲಿ. ನಸ್ತಿತಿ ಅಲ್ಲಿಗೆ ಇದುವರೆಗೂ ಕಾಲಿಟ್ಟಿರಲಿಲ್ಲ. ಹೆಂಡತಿಯ ಹೇಳಿಕೆಯನ್ನು ಪೊಲೀಸರು ಬರೆದುಕೊಂಡಿದ್ದರು, ಅದನ್ನೇ ಓದಿಕೊಂಡು ಸಾಕು ಅಂದುಕೊಂಡಿದ್ದಳು. ಕೆಲಸ ಜಾಸ್ತಿ ಎಂದು ತನಗೆ ತಾನೇ ನೆಪ ಹೇಳಿಕೊಂಡಿದ್ದಳು. ನಿಜ ಏನೆಂದರೆ ಆ ಹೆಂಗಸಿನ ಎದುರು ಕೂರಲು ಅವಳಿಗೆ ಧೈರ್ಯವಿರಲಿಲ್ಲ.

ಈಗ ಹೋಗಲೇಬೇಕಿತ್ತು. ಮುರ್ಸಿದ್‌ನ ಮೊಬೈಲಿನಲ್ಲಿ ಹತ್ತು ಒಂಬತ್ತರ ಕರೆ ಇದ್ದರೆ ಪುರ್ವೊತೊ ಹೇಳಿದ್ದಕ್ಕೆ ಆಧಾರ ಸಿಕ್ಕಂತೆ. ಆಮೇಲೆ ತನ್ನ ವಿಷಯವನ್ನೂ ಸೇರಿಸಿ ವರದಿ ಬರೆದು, ಸಂಜೆಯೊಳಗೆ ಮೇಲಧಿಕಾರಿಯ ಮೇಜಿನ ಮೇಲೆ ಇಡುವುದು. ಹಾಗೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಳು.

ಅವತ್ತು ಏಳನೆಯ ದಿನದ ಪ್ರಾರ್ಥನೆ. ಓಣಿಯ ಹೆಂಗಸರೆಲ್ಲ ಮನೆ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರು. ಒಂದು ದೊಡ್ಡ ಪಾತ್ರೆಯಲ್ಲಿ ರವೊನ್ ಕುದಿಯುತ್ತಿತ್ತು, ಆ ಕಪ್ಪು ಮಾಂಸದ ಸಾರಿನ ಘಾಟು ಓಣಿ ತುಂಬಿತ್ತು. ಸಂಜೆ ಬರುವವರಿಗೆ ಕೊಟ್ಟು ಕಳಿಸಲು ಅನ್ನ ತುಂಬುವ ರಟ್ಟಿನ ಡಬ್ಬಿಗಳನ್ನು ಮಡಿಸಿ ಮಡಿಸಿ ರಾಶಿ ಹಾಕಿದ್ದರು.

"ಯಾರು ಬೇಕು?" ಈರುಳ್ಳಿ ಬಿಡಿಸುತ್ತಿದ್ದ ಮುದುಕಿ ಕೇಳಿದಳು.

ನಸ್ತಿತಿ ತಾನು ಯಾರೆಂದು ಹೇಳಿದಳು.

"ಓ, ಸರ್ಕಾರ." ಮುದುಕಿ ಪಕ್ಕದವಳ ಕಡೆ ನೋಡಿದಳು. "ಇವತ್ತಿಗೆ ಏಳು ದಿನ. ಈಗ ದಾರಿ ಸಿಕ್ತು ನೋಡು ಇವರಿಗೆ. ಮಿಸ್ನಾತುನ್, ಬಾಮ್ಮ, ನಿನ್ನ ನೋಡೋಕೆ ಬಂದಿದಾರೆ."

ಒಳಗಿನಿಂದ ಬಂದವಳಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಕೈಯಲ್ಲಿ ಸೌಟು. ತಲೆವಸ್ತ್ರದ ತುದಿಯಿಂದ ಹಣೆ ಒರೆಸಿಕೊಂಡು, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದಳು.

"ಅವರ ಮಾತು ಮನಸ್ಸಿಗೆ ಹಚ್ಕೋಬೇಡಿ ಬು. ಕೂತ್ಕೊಳ್ಳಿ. ಊಟ ಆಗಿದ್ಯಾ?"

ಗಂಡನನ್ನು ಕಳೆದುಕೊಂಡವಳು ತನ್ನನ್ನು ಊಟ ಆಯಿತೇ ಎಂದು ಕೇಳುತ್ತಿದ್ದಾಳೆ. ನಸ್ತಿತಿ ಕುರ್ಚಿಯ ತುದಿಯಲ್ಲಿ ಕೂತಳು.

"ಒಂದೇ ಒಂದು ವಿಷಯ ಕೇಳಿ ಹೋಗ್ತೀನಮ್ಮ. ಅವತ್ತು ಬೆಳಿಗ್ಗೆ ಹಡಗಲ್ಲಿ ಇರುವಾಗ ನಿಮ್ಮವರಿಗೆ ಒಂದು ಫೋನ್ ಬಂದಿತ್ತಂತೆ. ಹತ್ತು ಗಂಟೆ ಸುಮಾರಿಗೆ."

"ಹತ್ತು ಗಂಟೆಗಾ?" ಮಿಸ್ನಾತುನ್ ಹುಬ್ಬು ಗಂಟಿಕ್ಕಿದಳು. "ಹತ್ತು ಗಂಟೆಗೆ ಅವರು ಹಡಗಲ್ಲಿ ಎಲ್ಲಿದ್ರು?"

"ಇರಲಿಲ್ವಾ?"

"ನನ್ನ ಪಕ್ಕ ಕೂತಿದ್ರಲ್ಲ ಬು. ಮಗಳ ಸ್ಕೂಲಲ್ಲಿ. ಅಪ್ಪ ಅಮ್ಮ ಇಬ್ರೂ ಬರ್ಲೇಬೇಕು ಅಂದಿದ್ರು. ಇವರ ಪಾಳಿ ಇದ್ದದ್ದು ಹನ್ನೆರಡಕ್ಕೆ, ಅದಕ್ಕೇ ಬಂದ್ರು."

ನಸ್ತಿತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಸ್ಕೂಲಿಗೇ ಫೋನ್ ಬಂತೇನೋ. ಅಲ್ಲಿಂದಾನೇ ಮಾತಾಡಿದ್ರೇನೋ."

"ಹೇಗೆ ಮಾತಾಡ್ತಾರೆ? ಫೋನ್ ಎಲ್ಲ ಆರಿಸಿ ಬುಟ್ಟಿಗೆ ಹಾಕಿ ಅಂದ್ರು ಟೀಚರಮ್ಮ. ಹೋದ ಸಲ ಯಾರದೋ ಫೋನ್ ಬಡ್ಕೊಂಡು ದೊಡ್ಡ ಗಲಾಟೆ ಆಗಿತ್ತು." ಅವಳ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಯಿತು. "ಇವರು ಸಣ್ಣ ಮಕ್ಕಳ ಹಾಗೆ ಗೊಣಗಿದ್ರು. ನನ್ನ ಫೋನ್ ಯಾರಾದ್ರೂ ಬದಲಾಯಿಸ್ಕೊಂಡು ಹೋದ್ರೆ ಅಂತ. ಸಭೆ ಮುಗಿಯೋವರೆಗೂ ಬುಟ್ಟಿ ಮೇಲೇ ಕಣ್ಣು. ಹನ್ನೊಂದಕ್ಕೆ ವಾಪಸ್ ಕೊಟ್ರು. ನನ್ನನ್ನ ಸ್ಕೂಲ್ ಗೇಟಲ್ಲಿ ಬಿಟ್ಟು ಅಲ್ಲಿಂದಾನೇ ಬಂದರಿಗೆ ಹೋದ್ರು."

ಹಾಗಾದರೆ ಹತ್ತು ಒಂಬತ್ತಕ್ಕೆ ಮುರ್ಸಿದ್ ಯಾರಿಗೂ ಏನೂ ಹೇಳಿರಲಿಲ್ಲ.

"ಆ ಫೋನ್ ಎಲ್ಲಿದೆಯಮ್ಮ?"

"ನಿಮ್ಮ ಹತ್ರಾನೇ ಇದೆಯಲ್ಲ."

"ನಮ್ಮ ಹತ್ರ?"

"ಆಸ್ಪತ್ರೆಯಿಂದ ಬಟ್ಟೆ ಜೊತೆ ಕೊಟ್ಟಿದ್ರು. ಗುರುವಾರ ಒಬ್ಬ ಹಿರಿಯರು ಬಂದು ತಗೊಂಡು ಹೋದ್ರು. ತನಿಖೆಗೆ ಬೇಕು, ಬು ನಸ್ತಿತಿ ಕಳಿಸಿದಾರೆ ಅಂದ್ರು. ಅದಕ್ಕೇ ನಿಮ್ಮ ಹೆಸರು ನನಗೆ ಗೊತ್ತು." ಮಿಸ್ನಾತುನ್ ಅವಳ ಮುಖವನ್ನೇ ನೋಡುತ್ತಿದ್ದಳು. "ನೀವು ಕೂತಿದೀರಲ್ಲ, ಅಲ್ಲೇ ಕೂತು ಅತ್ತರು ಪಾಪ. ನಾನೇ ನೀರು ಕೊಟ್ಟು ಸಮಾಧಾನ ಮಾಡ್ದೆ. ಪಾ ಪುರ್ವೊತೊ ಅಂತ. ನೀವು ಕಳಿಸಿರಲಿಲ್ವಾ?"

ನಸ್ತಿತಿ ಇಲ್ಲ ಎಂದು ತಲೆಯಾಡಿಸಿದಳು.

ಗುರುವಾರ. ಅಂದರೆ ಮುರ್ಸಿದ್‌ಗೆ ಫೋನ್ ಮಾಡಿದ ಕತೆಯನ್ನು ಅವಳಿಗೆ ಹೇಳುವ ನಾಲ್ಕು ದಿನ ಮೊದಲೇ, ಆ ಕರೆ ಬಂದಿಲ್ಲ ಎಂದು ತೋರಿಸುವ ವಸ್ತುವನ್ನೇ ಆ ಮನುಷ್ಯ ಇಲ್ಲಿಂದ ಎತ್ತಿಕೊಂಡು ಹೋಗಿದ್ದಾರೆ. ಹಾಗಾದರೆ ಅವರು ಉಳಿಸುತ್ತಿರುವುದು ಸತ್ತವನ ಹೆಸರನ್ನಲ್ಲ. ಮತ್ತೆ ಯಾರ ಹೆಸರನ್ನು?

ಅವಳ ಚೀಲದಲ್ಲಿ ಮೊಬೈಲ್ ಅದುರಿತು. ಮೇಲಧಿಕಾರಿ ಹೆರುತೊಮೊ.

"ಎಲ್ಲಿದೀರಿ ನಸ್ತಿತಿ?"

"ಮುರ್ಸಿದ್ ಮನೇಲಿ, ಪಾ. ನಾನೇ ನಿಮಗೆ ಮಾಡ್ಬೇಕು ಅಂತಿದ್ದೆ. ಪುರ್ವೊತೊ..."

"ಪುರ್ವೊತೊ ಪಕ್ಕದ ಕೋಣೇಲಿ ಕೂತಿದಾರೆ. ಕಂಪನಿ ವಕೀಲರ ಜೊತೆ ಬಂದಿದಾರೆ." ಹೆರುತೊಮೊ ಧ್ವನಿ ಇಳಿಸಿದರು. "ಬರೆದು ಕೊಟ್ಟಿರೋದನ್ನ ಓದ್ತೀನಿ, ಕೇಳಿ. ಹಡಗನ್ನ ಹತ್ತು ನಿಮಿಷಕ್ಕೆ ಕತ್ತರಿಸೋ ಆದೇಶ ಬರೆದೋರು ನೀವಂತೆ. ಅದನ್ನ ಮುಚ್ಚಿಟ್ಟು ತನಿಖೆ ಮಾಡ್ತಿದೀರಂತೆ. ಅದು ಹೊರಗೆ ಬರದ ಹಾಗೆ ಪುಸ್ತಕ ತಿದ್ದಿಸಿದ್ದೂ, ತಪ್ಪನ್ನ ಸತ್ತೋನ ಮೇಲೆ ಹಾಕೋಕೆ ಹೇಳಿಕೊಟ್ಟಿದ್ದೂ ನೀವೇ ಅಂತೆ. ಮುರ್ಸಿದ್ ಮೊಬೈಲ್ ನಿಮ್ಮ ಮಾತಿನ ಮೇಲೆ ತಂದುಕೊಟ್ಟೆ, ಆಮೇಲೆ ಅದು ಏನಾಯ್ತೋ ಗೊತ್ತಿಲ್ಲ ಅಂತೆ."

ಪಾತ್ರೆಯಲ್ಲಿ ಸಾರು ಉಕ್ಕಿತು. ಯಾರೋ ಓಡಿಹೋಗಿ ಉರಿ ತಗ್ಗಿಸಿದರು.

"ನಸ್ತಿತಿ, ಕೇಳಿಸ್ತಿದ್ಯಾ? ಇದಕ್ಕೆಲ್ಲ ಅವರ ಬಾಯಿ ಮಾತು ಬಿಟ್ಟು ಬೇರೆ ಸಾಕ್ಷಿ ಇಲ್ಲ. ನಾಲ್ಕು ವರ್ಷದಿಂದ ನಿಮ್ಮನ್ನ ನೋಡಿದೀನಿ. ಸುಳ್ಳು ಅಂತ ಒಂದು ಮಾತು ಹೇಳಿ, ನಾನು ಇಲ್ಲಿಗೇ ಮುಗಿಸ್ತೀನಿ, ಕಡತ ನಿಮ್ಮ ಹತ್ರಾನೇ ಇರುತ್ತೆ. ಹೌದು ಅಂದ್ರೆ ಈ ಕ್ಷಣವೇ ಕಿತ್ಕೋಬೇಕಾಗುತ್ತೆ. ಬೇರೆಯವರು ಬರ್ತಾರೆ, ಇವರು ಬರೆದುಕೊಟ್ಟಿದ್ದನ್ನೇ ಇಟ್ಕೊಂಡು ಶುರು ಮಾಡ್ತಾರೆ."

ಸುಳ್ಳು. ಒಂದು ಮಾತು. ಅದನ್ನು ಹೇಳಿದರೆ ಫೋನ್ ಕಂಪನಿಯಿಂದ ನಾಳೆಯೇ ಕರೆಗಳ ದಾಖಲೆ ತರಿಸಬಹುದು. ಸ್ಕೂಲಿನ ಟೀಚರನ್ನು ಕಾಣಬಹುದು. ಪುರ್ವೊತೊ ಯಾರಿಗಾಗಿ ಇದನ್ನೆಲ್ಲ ಮಾಡುತ್ತಿದ್ದಾರೆ ಎಂದು ಎರಡೇ ದಿನದಲ್ಲಿ ಹೊರಗೆಳೆಯಬಹುದು. ಮುರ್ಸಿದ್‌ನ ಹೆಸರಿಗೆ ಮಸಿ ಹತ್ತದ ಹಾಗೆ ನೋಡಿಕೊಳ್ಳಬಹುದು. ಸತ್ಯ ಹೇಳಿದರೆ ಇದ್ಯಾವುದೂ ಅವಳ ಕೈಯಲ್ಲಿ ಉಳಿಯುವುದಿಲ್ಲ.

ಮಿಸ್ನಾತುನ್ ಎರಡು ಮಾರು ದೂರದಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳ ಹಿಂದೆ, ಗೋಡೆಯ ಮೊಳೆಗೆ, ಒಗೆದು ಇಸ್ತ್ರಿ ಮಾಡಿದ ಖಲಾಸಿಯ ನೀಲಿ ಅಂಗಿ ತೂಗುತ್ತಿತ್ತು.

"ನಸ್ತಿತಿ?"

"ಮೊಬೈಲ್ ನನ್ನ ಹತ್ರ ಬಂದಿಲ್ಲ ಪಾ. ಪುಸ್ತಕ ನಾನು ತಿದ್ದಿಸಿಲ್ಲ." ಅವಳು ನೀಲಿ ಅಂಗಿಯಿಂದ ಕಣ್ಣು ಕಿತ್ತಳು. "ಹತ್ತು ನಿಮಿಷ ಮಾತ್ರ ನಿಜ. ಅದನ್ನ ಬರೆದಿದ್ದು ನಾನೇ. ಬುಧವಾರದಿಂದ ನನಗೆ ಗೊತ್ತಿತ್ತು."

ಆ ಕಡೆಯಿಂದ ಒಂದು ನಿಟ್ಟುಸಿರು. ಕರೆ ಮುಗಿಯಿತು. ಪರದೆ ಕಪ್ಪಾಯಿತು.

ಅವಳು ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ಎತ್ತಿದಳು. ಈರುಳ್ಳಿಯ ಮುದುಕಿ ಚಾಕು ನಿಲ್ಲಿಸಿ ನೋಡುತ್ತಿದ್ದಳು. ಡಬ್ಬಿ ಮಡಿಸುತ್ತಿದ್ದವರ ಕೈಗಳೂ ನಿಂತಿದ್ದವು.

ಮಿಸ್ನಾತುನ್ ಒಂದು ಹೆಜ್ಜೆ ಮುಂದೆ ಬಂದಳು.

"ಯಾವ ಹತ್ತು ನಿಮಿಷ, ಬು?"